ಲೂಥರ್ ಮಾರ್ಟಿನ್ ಬದುಕನ್ನು ದಾಖಲೆಗಳಿಂದ ಕಟ್ಟುವ ಬಗೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅಟಾರ್ನಿ ಜನರಲ್ ಲೂಥರ್ ಮಾರ್ಟಿನ್ ಬಗ್ಗೆ ಬರೆಯಲು ಕೂತವರ ಕೈಗೆ ಮೊದಲು ಸಿಗುವುದು ಮೂರು ಮಾತು: ಕುಡುಕ, ಬಾಯಿ ಮುಚ್ಚದ ಮಾತುಗಾರ, 1787ರ ಅಮೆರಿಕ ಸಂವಿಧಾನಕ್ಕೆ ಸಹಿ ಹಾಕಲು ಒಲ್ಲೆ ಎಂದವನು. ಮೊದಲನೆಯದರಲ್ಲಿ ನಿಜವಿದೆ. ಎರಡನೆಯದನ್ನು ಬರೆದಿಟ್ಟವರು ಅವನ ಮಾತು ಕೇಳಿ ದಣಿದವರು. ಮೂರನೆಯದು ತಪ್ಪು. ಇವನ್ನೇ ಹಿಡಿದು ಹೊರಟರೆ ಸುಮಾರು 28 ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಮತ್ತೆ ಮುಪ್ಪಿನಲ್ಲಿ ನಾಲ್ಕು ವರ್ಷ ಅದೇ ಕೆಲಸಕ್ಕೆ ಮರಳಿದ ಸರ್ಕಾರಿ ವಕೀಲ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಹುದ್ದೆಯ ಕಾಗದಗಳನ್ನು ಮೊದಲು ಓದಿ. ಜನರ ಮಾತು ಆಮೇಲೆ.

ಹುದ್ದೆ ಯಾವುದು ಎಂದು ಮೊದಲು ತಿಳಿಯಿರಿ

‘ಅಟಾರ್ನಿ ಜನರಲ್’ ಎಂದೊಡನೆ ನಮ್ಮ ಓದುಗರ ತಲೆಗೆ ಬರುವುದು ದೆಹಲಿಯ, ಸಂವಿಧಾನದ 76ನೇ ವಿಧಿಯ ಅಟಾರ್ನಿ ಜನರಲ್. ಮಾರ್ಟಿನ್ ಹುದ್ದೆ ಅದಲ್ಲ. ಅದು ಒಂದು ರಾಜ್ಯದ ಹುದ್ದೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು 165ನೇ ವಿಧಿಯ ಅಡ್ವೊಕೇಟ್ ಜನರಲ್. ಮೊದಲ ಪ್ಯಾರಾದಲ್ಲೇ ಇದನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ, ಇಲ್ಲದಿದ್ದರೆ ಓದುಗರು ಕೊನೆಯವರೆಗೂ ಅವನನ್ನು ಅಮೆರಿಕ ಒಕ್ಕೂಟದ ವಕೀಲ ಎಂದೇ ತಿಳಿಯುತ್ತಾರೆ. ಆಮೇಲೆ ಅವನು ಅದೇ ಒಕ್ಕೂಟದ ಬ್ಯಾಂಕಿನ ವಿರುದ್ಧ ವಾದಿಸುವುದನ್ನು ಕಂಡಾಗ ಗೊಂದಲಕ್ಕೆ ಬೀಳುತ್ತಾರೆ.

ಒಂದು ವ್ಯತ್ಯಾಸವೂ ಗೊತ್ತಿರಲಿ. ನಮ್ಮ ಅಡ್ವೊಕೇಟ್ ಜನರಲ್ ರಾಜ್ಯಪಾಲರ ಇಚ್ಛೆ ಇರುವವರೆಗೆ ಮಾತ್ರ ಹುದ್ದೆಯಲ್ಲಿರುತ್ತಾರೆ. ಸರ್ಕಾರ ಬದಲಾದರೆ ಅವರೂ ಬದಲಾಗುವುದು ವಾಡಿಕೆ. 1776ರ ಮೇರಿಲ್ಯಾಂಡ್ ಸಂವಿಧಾನದಲ್ಲಿ ಹಾಗಿರಲಿಲ್ಲ. ಗವರ್ನರ್ ತನ್ನ ಕೌನ್ಸಿಲ್ ಜೊತೆ ಸೇರಿ ನೇಮಿಸುತ್ತಿದ್ದ. ನೇಮಕವಾದ ಮೇಲೆ ನಡತೆ ನೆಟ್ಟಗಿರುವವರೆಗೆ ಹುದ್ದೆ ಅವನದೇ. ತೆಗೆಯಬೇಕೆಂದರೆ ನ್ಯಾಯಾಲಯದಲ್ಲಿ ತಪ್ಪು ಸಾಬೀತಾಗಬೇಕು. ಚಾನ್ಸಲರ್‌ಗೆ (ಚಾನ್ಸರಿ ಎಂಬ ನ್ಯಾಯಾಲಯದ ಮುಖ್ಯಸ್ಥ) ಮತ್ತು ನ್ಯಾಯಾಧೀಶರಿಗೆ ಇದ್ದ ರಕ್ಷಣೆಯೇ ಇವನಿಗೂ ಇತ್ತು. ಒಕ್ಕೂಟದ ಹೊಸ ಸಂವಿಧಾನ ಬೇಡ ಎಂದು ಊರೂರಿಗೆ ಕೇಳುವಂತೆ ಕೂಗಿದವನು ಆಮೇಲೂ 17 ವರ್ಷ ಅದೇ ಕುರ್ಚಿಯಲ್ಲಿ ಹೇಗೆ ಉಳಿದ ಎಂಬುದಕ್ಕೆ ಈ ಕಲಮು ಬಹುಪಾಲು ಉತ್ತರ ಕೊಡುತ್ತದೆ. ಇದನ್ನು ಓದದೆ ಬರೆದವರು ‘ಪ್ರಭಾವ’, ‘ಸ್ನೇಹಬಲ’ ಎಂದು ಊಹೆಗೆ ಇಳಿಯುತ್ತಾರೆ.

ಇನ್ನೊಂದು ಸಂಗತಿ: ಹುದ್ದೆಯಲ್ಲಿದ್ದುಕೊಂಡೇ ಖಾಸಗಿ ವಕಾಲತ್ತು ನಡೆಸಬಹುದಿತ್ತು. ಆದ್ದರಿಂದ ಅವನ ಹೆಸರಿರುವ ಪ್ರತಿ ಮೊಕದ್ದಮೆಯಲ್ಲೂ ಅವನು ಯಾರ ಪರವಾಗಿ ನಿಂತಿದ್ದ ಎಂದು ಬೇರೆಯಾಗಿ ನೋಡಬೇಕು. ರಾಜ್ಯದ ಪರವೋ, ಹಣ ಕೊಟ್ಟ ಕಕ್ಷಿದಾರನ ಪರವೋ? ಮಾರ್ಟಿನ್ ಬಗ್ಗೆ ಬರೆಯುವವರು ಅತಿ ಹೆಚ್ಚು ಎಡವುವುದು ಇಲ್ಲೇ.

ತಾರೀಖಿನ ಪಟ್ಟಿ

ಒಂದು ಸ್ಪ್ರೆಡ್‌ಶೀಟ್ ತೆರೆದು ಏಳು ಕಾಲಂ ಹಾಕಿ: ಕಾಗದದಲ್ಲಿರುವ ತಾರೀಖು, ಇಂದಿನ ಲೆಕ್ಕದ ತಾರೀಖು, ಊರು, ಕಾಗದದ ಬಗೆ, ಬರೆದವರು, ಘಟನೆಗೂ ಬರಹಕ್ಕೂ ನಡುವಿನ ವರ್ಷಗಳು, ಮತ್ತು ‘ರಾಜ್ಯದ ಪರ / ಖಾಸಗಿ’. ಆರನೇ ಕಾಲಂ ಮೊದಲಿಗೆ ಬೇಡವೆನಿಸಬಹುದು. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅದೇ.

ಮೊದಲು ಗಟ್ಟಿ ಸಾಲುಗಳನ್ನು ತುಂಬಿ. 1766ರಲ್ಲಿ ಕಾಲೇಜ್ ಆಫ್ ನ್ಯೂಜರ್ಸಿಯಿಂದ, ಅಂದರೆ ಇಂದಿನ ಪ್ರಿನ್ಸ್‌ಟನ್‌ನಿಂದ, ಪದವಿ. ಬಳಿಕ ಮೇರಿಲ್ಯಾಂಡಿನ ಕ್ವೀನ್ಸ್‌ಟೌನ್‌ನಲ್ಲಿ ಶಾಲಾ ಮೇಷ್ಟರ ಕೆಲಸ. 1771ರಲ್ಲಿ ವರ್ಜೀನಿಯಾದಲ್ಲಿ ವಕೀಲಿಕೆಗೆ ಅನುಮತಿ. 1778ರ ಫೆಬ್ರವರಿ 11ರಂದು ಅಟಾರ್ನಿ ಜನರಲ್ ಆಗಿ ನೇಮಕ. ಆಗಿನ ಗವರ್ನರ್ ಥಾಮಸ್ ಜಾನ್ಸನ್, ಶಿಫಾರಸು ಮಾಡಿದವನು ಮುಂದೆ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಸ್ಯಾಮ್ಯುಯೆಲ್ ಚೇಸ್. 1783ರಲ್ಲಿ ಮರಿಯಾ ಕ್ರೆಸಪ್ ಜೊತೆ ಮದುವೆ. 1787ರಲ್ಲಿ ಫಿಲಡೆಲ್ಫಿಯಾದ ಸಂವಿಧಾನ ಸಭೆ. 1805ರ ಡಿಸೆಂಬರಿನಲ್ಲಿ ರಾಜೀನಾಮೆ. 1813ರಿಂದ 1816ರವರೆಗೆ ಬಾಲ್ಟಿಮೋರಿನ ಕ್ರಿಮಿನಲ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ. 1818ರಲ್ಲಿ ಮತ್ತೆ ಅಟಾರ್ನಿ ಜನರಲ್, 1822ರಲ್ಲಿ ನಿವೃತ್ತಿ, 1826ರ ಜುಲೈನಲ್ಲಿ ಸಾವು.

‘ಮೇರಿಲ್ಯಾಂಡಿನ ಮೊದಲ ಅಟಾರ್ನಿ ಜನರಲ್’ ಎಂದು ಬರೆಯಬೇಡಿ. ಸ್ವಾತಂತ್ರ್ಯ ಸಾರಿದ ಮೇಲೆ ಜೇಮ್ಸ್ ಟಿಲ್ಗ್‌ಮನ್ ಮತ್ತು ಬೆಂಜಮಿನ್ ಗ್ಯಾಲೊವೇ ಸ್ವಲ್ಪ ಸ್ವಲ್ಪ ಕಾಲ ಈ ಹುದ್ದೆಯಲ್ಲಿದ್ದರು. ಮಾರ್ಟಿನ್ ಮೂರನೆಯವನು. ಮೊದಲು ನಿಂತು ಬೇರೂರಿದವನು ಎಂದರೆ ಸರಿಯಾಗುತ್ತದೆ.

ಹುಟ್ಟಿದ ದಿನ ಎಲ್ಲರಿಗೂ ತಲೆನೋವು. ಕೆಲವೆಡೆ 1748ರ ಫೆಬ್ರವರಿ 9, ಕೆಲವೆಡೆ ಫೆಬ್ರವರಿ 20 ಎಂದಿದೆ. ನಡುವೆ ಇರುವುದು ಸರಿಯಾಗಿ 11 ದಿನ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಗ್ರೆಗೋರಿಯನ್‌ಗೆ ಬಂದಾಗ ಹಾರಿಹೋದದ್ದೂ ಅಷ್ಟೇ ದಿನ. ಹಾಗಾಗಿ 9 ಹಳೆಯ ಲೆಕ್ಕ, 20 ಹೊಸ ಲೆಕ್ಕ. ಹಳೆಯ ಲೆಕ್ಕದಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಹೀಗಾಗಿ 1752ಕ್ಕೆ ಮೊದಲಿನ ಜನವರಿ, ಫೆಬ್ರವರಿ ಕಾಗದಗಳಲ್ಲಿ ಇಸವಿ ಒಂದು ಹಿಂದೆ ಕಂಡರೂ ಗಾಬರಿಯಾಗಬೇಡಿ. ಆದರೆ ಕೆಲವು ಕಡೆ ಕಾಣುವ 1744 ಎಂಬ ಇಸವಿಗೆ ಕ್ಯಾಲೆಂಡರ್ ಕಾರಣವಲ್ಲ, ಅದು ಬೇರೆಯೇ ಹೇಳಿಕೆ. ಇದರ ಜೊತೆಗೆ, 1787ರಲ್ಲಿ ಅವನನ್ನು ಕಣ್ಣಾರೆ ಕಂಡ ಜಾರ್ಜಿಯಾದ ಪ್ರತಿನಿಧಿ ವಿಲಿಯಂ ಪಿಯರ್ಸ್ ಅವನ ವಯಸ್ಸು ಸುಮಾರು 34 ಎಂದು ಬರೆದಿದ್ದಾನೆ. 1748 ಸರಿಯಿದ್ದರೆ ಆಗ ಅವನಿಗೆ 39. ಕಂಡವರು ಬರೆದಿದ್ದಾರೆ ಎಂದ ಮಾತ್ರಕ್ಕೆ ಅದು ಖಚಿತವಲ್ಲ ಎಂಬುದಕ್ಕೆ ಈ ಐದು ವರ್ಷದ ಅಂತರವೇ ಸಾಕು.

ಕೌನ್ಸಿಲ್ ನಡಾವಳಿ ಮತ್ತು ನ್ಯಾಯಾಲಯದ ಕಾಗದ

ಮೇರಿಲ್ಯಾಂಡ್ ರಾಜ್ಯದ ದಾಖಲಾಗಾರ ಅನಾಪೊಲಿಸ್‌ನಲ್ಲಿದೆ. ಅದರ ಅಚ್ಚಾದ ಸಂಪುಟಗಳು ‘ಆರ್ಕೈವ್ಸ್ ಆಫ್ ಮೇರಿಲ್ಯಾಂಡ್ ಆನ್‌ಲೈನ್’ ಎಂಬಲ್ಲಿ ಮನೆಯಲ್ಲೇ ಕೂತು ಓದಲು ಸಿಗುತ್ತವೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಗವರ್ನರ್ ಕೌನ್ಸಿಲ್‌ನ ನಡಾವಳಿಯಿಂದ ಆರಂಭಿಸಿ. ಹುಡುಕುವಾಗ ‘ಲೂಥರ್ ಮಾರ್ಟಿನ್’ ಎಂದಷ್ಟೇ ಹೊಡೆದರೆ ಅರ್ಧಕ್ಕಿಂತ ಹೆಚ್ಚು ನಮೂದುಗಳು ತಪ್ಪಿಹೋಗುತ್ತವೆ. ಗುಮಾಸ್ತರು ಎಷ್ಟೋ ಕಡೆ ಹೆಸರೇ ಬರೆಯದೆ ‘ಅಟಾರ್ನಿ ಜನರಲ್’ ಎನ್ನುತ್ತಿದ್ದರು, ಅದನ್ನೂ ಮೊಟಕು ಮಾಡುತ್ತಿದ್ದರು. ಹೆಸರು, ಹುದ್ದೆ, ಮೊಟಕು ರೂಪ ಮೂರನ್ನೂ ಬೇರೆ ಬೇರೆಯಾಗಿ ಹುಡುಕಿ.

ಆ ಕಾಲದ ಮೂಲ ಪತ್ರಿಕೆಗಳ ಸ್ಕ್ಯಾನ್ ಓದುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಅಂದಿನ ಅಚ್ಚಿನಲ್ಲಿ ಪದದ ಮೊದಲು ಮತ್ತು ನಡುವೆ ಬರುವ ‘ಎಸ್’ ಅಕ್ಷರ ಉದ್ದವಾಗಿ, ನೋಡಲು ‘ಎಫ್’ ಹಾಗೆ ಇರುತ್ತಿತ್ತು. ಯಂತ್ರ ಅದನ್ನು ‘ಎಫ್’ ಎಂದೇ ಓದುತ್ತದೆ. ‘ಎಸ್’ ಇರುವ ಪದ ಹುಡುಕಿ ಏನೂ ಸಿಗದಿದ್ದರೆ ಅದೇ ಪದವನ್ನು ‘ಎಫ್’ ಹಾಕಿ ಮತ್ತೊಮ್ಮೆ ಹುಡುಕಿ.

ರಾಜ್ಯದ ದೊಡ್ಡ ನ್ಯಾಯಾಲಯವಾದ ಜನರಲ್ ಕೋರ್ಟ್ ಎರಡು ಕಡೆ ಕೂಡುತ್ತಿತ್ತು. ಚೆಸಪೀಕ್ ಕೊಲ್ಲಿ ಮೇರಿಲ್ಯಾಂಡನ್ನು ಸೀಳಿಕೊಂಡು ಹೋಗುವುದರಿಂದ ಪಶ್ಚಿಮ ದಂಡೆಗೆ ಅನಾಪೊಲಿಸ್‌ನಲ್ಲಿ, ಪೂರ್ವ ದಂಡೆಗೆ ಟ್ಯಾಲ್ಬಟ್ ಕೌಂಟಿಯಲ್ಲಿ ಅಧಿವೇಶನ. ಕಡತಗಳೂ ಹಾಗೆಯೇ ಎರಡು ಪಾಲು. ಒಂದು ದಂಡೆಯದನ್ನು ಮಾತ್ರ ನೋಡಿ ‘ಈ ವರ್ಷ ಮಾರ್ಟಿನ್ ಹೆಚ್ಚು ಕೆಲಸ ಮಾಡಲಿಲ್ಲ’ ಎಂದು ತೀರ್ಮಾನಕ್ಕೆ ಬಂದರೆ ಅರ್ಧ ರಾಜ್ಯವನ್ನೇ ಬಿಟ್ಟಂತೆ.

ಯುದ್ಧದ ವರ್ಷಗಳಲ್ಲಿ ಅವನ ಮುಖ್ಯ ಕೆಲಸ ಬ್ರಿಟಿಷ್ ದೊರೆಗೆ ನಿಷ್ಠರಾಗಿ ಉಳಿದ ‘ಲಾಯಲಿಸ್ಟ’ರ ಮೇಲೆ ಮೊಕದ್ದಮೆ ನಡೆಸುವುದು. ಇದರಲ್ಲಿ ಅವನು ಪಳಗಿದವನು, ಬಿಗಿ ಕೂಡ. ಇದನ್ನು ಬರೆಯುವಾಗ ‘ದೇಶದ್ರೋಹಿಗಳು’ ಎಂದು ಒಂದೇ ಮಾತಲ್ಲಿ ಮುಗಿಸಬೇಡಿ. ಆರೋಪ ಏನಿತ್ತು, ಶಿಕ್ಷೆಯಾಯಿತೋ ಇಲ್ಲವೋ ಎಂದು ಒಂದೊಂದು ಮೊಕದ್ದಮೆಯಲ್ಲೂ ನೋಡಿ ಬರೆಯಿರಿ.

ಹಣದ ಲೆಕ್ಕ ಬಂದಾಗ ನಿಂತು ನೋಡಿ. ಆ ದಿನಗಳ ಕಾಗದದಲ್ಲಿ ‘ಪೌಂಡ್’ ಎಂದಿದ್ದರೆ ಅದು ಲಂಡನ್ನಿನ ಪೌಂಡ್ ಆಗಿರಬೇಕಿಲ್ಲ. ಮೇರಿಲ್ಯಾಂಡ್ ಲೆಕ್ಕದಲ್ಲಿ ಒಂದು ಸ್ಪ್ಯಾನಿಷ್ ಡಾಲರ್‌ಗೆ 7 ಶಿಲಿಂಗ್ 6 ಪೆನ್ಸ್, ಲಂಡನ್ ಲೆಕ್ಕದಲ್ಲಿ 4 ಶಿಲಿಂಗ್ 6 ಪೆನ್ಸ್. ಪೌಂಡಿಗೆ 20 ಶಿಲಿಂಗ್. ಆದ್ದರಿಂದ ಮೇರಿಲ್ಯಾಂಡಿನ 100 ಪೌಂಡ್ ಸುಮಾರು 267 ಡಾಲರ್ ಆದರೆ ಲಂಡನ್ನಿನ 100 ಪೌಂಡ್ ಸುಮಾರು 444 ಡಾಲರ್. ಇದು ಗಟ್ಟಿ ನಾಣ್ಯದ ಲೆಕ್ಕ. ಯುದ್ಧಕಾಲದ ಕಾಗದದ ನೋಟಿನ ಬೆಲೆ ತಿಂಗಳಿಂದ ತಿಂಗಳಿಗೆ ಕುಸಿಯುತ್ತಿತ್ತು, ಅದಕ್ಕೆ ಈ ಸೂತ್ರ ಹಚ್ಚಬೇಡಿ.

1787ರ ಬೇಸಿಗೆ

ಸಂವಿಧಾನ ಸಭೆಯ ಭಾಗ ಬರೆಯುವಾಗ ಎರಡು ತಾರೀಖು ಕಣ್ಣೆದುರಿಗೇ ಇರಲಿ: ಮಾರ್ಟಿನ್ ಸಭೆಗೆ ಬಂದದ್ದು ಜೂನ್ 9, ಬಿಟ್ಟು ಹೊರಟದ್ದು ಸೆಪ್ಟೆಂಬರ್ 4. ಸಹಿ ಬಿದ್ದದ್ದು ಸೆಪ್ಟೆಂಬರ್ 17. ಆ ದಿನ ಸಭೆಯಲ್ಲೇ ಇದ್ದು ಸಹಿ ಹಾಕಲು ಒಪ್ಪದವರು ಮೂವರು: ಜಾರ್ಜ್ ಮೇಸನ್, ಎಲ್ಬ್ರಿಜ್ ಗೆರಿ ಮತ್ತು ಎಡ್ಮಂಡ್ ರ‍್ಯಾಂಡಾಲ್ಫ್. (ರ‍್ಯಾಂಡಾಲ್ಫ್ ಕೂಡ ಅದಕ್ಕೆ ಮೊದಲು ವರ್ಜೀನಿಯಾದ ಅಟಾರ್ನಿ ಜನರಲ್ ಆಗಿದ್ದವನು.) ಮಾರ್ಟಿನ್ ಆಗ ಫಿಲಡೆಲ್ಫಿಯಾದಲ್ಲೇ ಇರಲಿಲ್ಲ. ‘ಸಹಿ ಹಾಕಲು ನಿರಾಕರಿಸಿದ’ ಎಂಬುದನ್ನು ‘ಸಹಿಗೆ ಮೊದಲೇ ಸಭೆ ಬಿಟ್ಟು ಹೋದ’ ಎಂದು ತಿದ್ದಿಕೊಳ್ಳಿ.

ಸಭೆಯಲ್ಲಿ ಇಬ್ಬರು ಮಾರ್ಟಿನ್‌ಗಳಿದ್ದರು. ಇನ್ನೊಬ್ಬ ನಾರ್ತ್ ಕೆರೊಲಿನಾದ ಅಲೆಕ್ಸಾಂಡರ್ ಮಾರ್ಟಿನ್. ವರ್ಜೀನಿಯಾದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ಸಭೆಯ ಬಗ್ಗೆ ಬರೆದಿಟ್ಟ ತನ್ನ ಟಿಪ್ಪಣಿಯಲ್ಲಿ ನಮ್ಮವನನ್ನು ‘ಎಲ್. ಮಾರ್ಟಿನ್’ ಎಂದು ಗುರುತಿಸುತ್ತಾನೆ. ಬರಿಯ ‘ಮಾರ್ಟಿನ್’ ಕಂಡಲ್ಲಿ ಹಿಂದುಮುಂದಿನ ನಾಲ್ಕು ಸಾಲು ಓದದೆ ಆ ಮಾತನ್ನು ಇವನ ಲೆಕ್ಕಕ್ಕೆ ಬರೆಯಬೇಡಿ.

ಜೂನ್ 27 ಮತ್ತು 28ರ ದೊಡ್ಡ ಭಾಷಣ ನಮಗೆ ಸಿಗುವುದು ಮುಖ್ಯವಾಗಿ ಇಬ್ಬರ ಟಿಪ್ಪಣಿಗಳಲ್ಲಿ. ಮ್ಯಾಡಿಸನ್ ಟಿಪ್ಪಣಿ ಅಚ್ಚಾದದ್ದು 1840ರಲ್ಲಿ, ನ್ಯೂಯಾರ್ಕಿನ ರಾಬರ್ಟ್ ಯೇಟ್ಸ್‌ನದು 1821ರಲ್ಲಿ. ಮಾರ್ಟಿನ್ ವಾದದ ತಿರುಳು ಇಷ್ಟು: ಒಕ್ಕೂಟ ಇರುವುದು ರಾಜ್ಯಗಳನ್ನು ಕಾಯಲು, ಜನರನ್ನು ನೇರವಾಗಿ ಆಳಲು ಅಲ್ಲ, ರಾಜ್ಯಗಳೆಲ್ಲ ಸಮಾನ, ಆದ್ದರಿಂದ ಮತವೂ ಸಮಾನ. ಮೂರು ಗಂಟೆಗೂ ಮೀರಿ ಮಾತಾಡಿ, ದಣಿದು, ಉಳಿದದ್ದನ್ನು ಮಾರನೆಯ ದಿನಕ್ಕೆ ಇಟ್ಟುಕೊಂಡ. ವಾದ ಹರಡಿಹೋಗಿ ಅದರ ಜಾಡು ಹಿಡಿಯಲಾಗಲಿಲ್ಲ ಎಂದು ಯೇಟ್ಸ್ ಬರೆದಿದ್ದಾನೆ. ದೊಡ್ಡ ಒಕ್ಕೂಟದ ಪರವಾಗಿದ್ದ ಮ್ಯಾಡಿಸನ್‌ಗೆ ಈ ಮಾತು ಹಿಡಿಸದೇ ಇರುವುದು ಸಹಜ. ಯೇಟ್ಸ್ ಹಾಗಲ್ಲ, ಅವನು ಮಾರ್ಟಿನ್ ಪಕ್ಷದವನೇ. ಮನೆಯವರೇ ‘ಕೇಳಲಾಗಲಿಲ್ಲ’ ಎಂದಾಗ ಅದನ್ನು ನಂಬಬಹುದು. ಹೀಗೆ ಬರೆದವರು ಯಾವ ಕಡೆಯವರು ಎಂದು ನೋಡಿಯೇ ಅವರ ಮಾತನ್ನು ತೂಗಬೇಕು.

ಹೆಚ್ಚಿನ ಲೇಖನಗಳು ಬಿಟ್ಟುಬಿಡುವ ಎರಡು ದಿನಗಳಿವೆ. ಮೊದಲನೆಯದು ಜುಲೈ 17. ರಾಜ್ಯಗಳ ಕಾನೂನನ್ನು ಕಾಂಗ್ರೆಸ್ ತಳ್ಳಿಹಾಕಬಹುದು ಎಂಬ ಸೂಚನೆ ಸೋತ ಬೆನ್ನಿಗೇ, ಒಕ್ಕೂಟದ ಕಾನೂನು ಮತ್ತು ಒಪ್ಪಂದಗಳು ರಾಜ್ಯಗಳ ನ್ಯಾಯಾಧೀಶರಿಗೆ ಬದ್ಧ ಎಂಬ ಸೂಚನೆ ತಂದವನು ಮಾರ್ಟಿನ್. ಸಭೆ ಅದನ್ನು ವಿರೋಧವಿಲ್ಲದೆ ಒಪ್ಪಿತು. ಇಂದಿನ ಅಮೆರಿಕ ಸಂವಿಧಾನದ ಆರನೇ ವಿಧಿಯ ಸರ್ವೋಚ್ಚತೆಯ ಕಲಮಿಗೆ ಬೀಜ ಅದು. ಆದರೆ ‘ಸರ್ವೋಚ್ಚತೆಯ ಕಲಮಿನ ಜನಕ’ ಎಂದು ಬರೆದರೆ ಅತಿಯಾಗುತ್ತದೆ. ಅವನ ಕರಡಿನಲ್ಲಿ ಒಕ್ಕೂಟದ ಕಾನೂನು ರಾಜ್ಯದ ‘ಕಾನೂನು’ಗಳಿಗಿಂತ ಮೇಲಿತ್ತು. ರಾಜ್ಯದ ‘ಸಂವಿಧಾನ’ಕ್ಕಿಂತಲೂ ಮೇಲು ಎಂದು ಸೇರಿದ್ದು ಆಮೇಲೆ, ಸಮಿತಿಯ ಕೈಯಲ್ಲಿ. ಆ ಒಂದು ಪದ ಸೇರಿದ್ದರಿಂದಲೇ ಅವನ ಸೂಚನೆಯ ಉದ್ದೇಶ ತಿರುಗಿಬಿತ್ತು. ಎರಡೂ ಪಾಠಗಳನ್ನು ಅಕ್ಕಪಕ್ಕ ಇಟ್ಟು ಓದುಗರಿಗೆ ತೋರಿಸಿ, ಹತ್ತು ಸಾಲಿನ ವಿವರಣೆ ಉಳಿಯುತ್ತದೆ.

ಎರಡನೆಯದು ಆಗಸ್ಟ್ 21. ಗುಲಾಮರ ಆಮದಿನ ಮೇಲೆ ತೆರಿಗೆ ಅಥವಾ ನಿಷೇಧ ಹಾಕಲು ಅವಕಾಶ ಬೇಕೆಂದು ಅವನು ಅಂದು ಕೇಳಿದ. ಅದಿಲ್ಲದ ಸಂವಿಧಾನ ಕ್ರಾಂತಿಯ ತತ್ತ್ವಗಳಿಗೆ ವಿರುದ್ಧ, ಅಮೆರಿಕದ ಹೆಸರಿಗೆ ಕಳಂಕ ಎಂದ. ಇದನ್ನು ಬರೆಯುವಾಗ ಅವನ ಮನೆಯಲ್ಲೂ ಗುಲಾಮರಿದ್ದರು ಎಂಬುದನ್ನು ಅದೇ ಪ್ಯಾರಾದಲ್ಲಿ ಬರೆಯಿರಿ. ಹತ್ತು ಪುಟ ದಾಟಿದ ಮೇಲೆ ಬರೆದರೆ ಅದು ಮುಚ್ಚಿಟ್ಟಂತೆ.

ಪತ್ರಿಕೆ ಯಾವುದು, ಊರು ಯಾವುದು

1787ರ ನವೆಂಬರ್ 29ರಂದು ಮಾರ್ಟಿನ್ ಮೇರಿಲ್ಯಾಂಡ್ ಶಾಸನಸಭೆಯ ಮುಂದೆ ಸಂವಿಧಾನ ಸಭೆಯಲ್ಲಿ ಒಳಗೆ ನಡೆದದ್ದನ್ನು ವರದಿ ಮಾಡಿದ. ಅದು ವಿಸ್ತಾರಗೊಂಡು ‘ಜೆನ್ಯುಯಿನ್ ಇನ್ಫರ್ಮೇಶನ್’ ಎಂಬ ಹೆಸರಲ್ಲಿ 1787ರ ಡಿಸೆಂಬರ್ 28ರಿಂದ 1788ರ ಫೆಬ್ರವರಿ 8ರವರೆಗೆ 12 ಕಂತುಗಳಲ್ಲಿ ‘ಮೇರಿಲ್ಯಾಂಡ್ ಗೆಜೆಟ್’ನಲ್ಲಿ ಬಂತು. ಇಲ್ಲೇ ಜನ ದಾರಿ ತಪ್ಪುವುದು. ಆ ಹೆಸರಿನ ಪತ್ರಿಕೆಗಳು ಆಗ ಎರಡಿದ್ದವು: ಅನಾಪೊಲಿಸ್‌ನ ಹಳೆಯದು, ಬಾಲ್ಟಿಮೋರಿನದು. ಕಂತುಗಳು ಬಂದದ್ದು ಬಾಲ್ಟಿಮೋರಿನದರಲ್ಲಿ. ಅನಾಪೊಲಿಸ್ ಪತ್ರಿಕೆಯ ಸ್ಕ್ಯಾನ್‌ಗಳನ್ನು ದಿನಗಟ್ಟಲೆ ತಿರುವಿ ‘ಕಾಣಲಿಲ್ಲ’ ಎನ್ನುವವರು ಹುಡುಕಿದ್ದು ಬೇರೆ ಊರಲ್ಲಿ.

ಒಕ್ಕೂಟದ ಸಂವಿಧಾನವನ್ನು ಮೇರಿಲ್ಯಾಂಡಿನ ಅನುಮೋದನಾ ಸಭೆ 1788ರ ಏಪ್ರಿಲ್ 28ರಂದು 63–11 ಮತಗಳಿಂದ ಒಪ್ಪಿತು. ಮಾರ್ಟಿನ್ ಆ 11ರಲ್ಲಿ ಒಬ್ಬ. ಗಂಟಲು ಕೆಟ್ಟಿದ್ದರಿಂದ ಅವನಿಗೆ ಅಲ್ಲಿ ಹೆಚ್ಚು ಮಾತಾಡಲಾಗಲಿಲ್ಲ. ಅವನ ವಾದ ತಿಳಿಯಲು ಆ ಸಭೆಯ ವರದಿಗಿಂತ 12 ಕಂತುಗಳೇ ಆಧಾರ.

ಸುಪ್ರೀಂ ಕೋರ್ಟ್ ಸಂಪುಟಗಳ ಸಂಖ್ಯೆ

ಅಮೆರಿಕದ ಸುಪ್ರೀಂ ಕೋರ್ಟಿನ ಹಳೆಯ ವರದಿಗಳು ವರದಿಗಾರರ ಹೆಸರಲ್ಲಿವೆ: ಡಲಾಸ್, ಕ್ರಾಂಚ್, ವೀಟನ್. ಆಮೇಲೆ ಇವಕ್ಕೆ ‘ಯು.ಎಸ್.’ ಎಂಬ ಒಂದೇ ಸರಣಿ ಸಂಖ್ಯೆ ಬಂತು. ಲೆಕ್ಕ ಸುಲಭ: ಡಲಾಸ್ ಸಂಖ್ಯೆ ಹಾಗೆಯೇ, ಕ್ರಾಂಚ್‌ಗೆ 4 ಕೂಡಿಸಿ, ವೀಟನ್‌ಗೆ 13 ಕೂಡಿಸಿ. ಜಾರ್ಜಿಯಾದ ಜಮೀನು ಹಗರಣದ ಫ್ಲೆಚರ್–ಪೆಕ್ ಪ್ರಕರಣ (1810) 6 ಕ್ರಾಂಚ್, ಅಂದರೆ 10 ಯು.ಎಸ್. ಮೆಕಲಕ್–ಮೇರಿಲ್ಯಾಂಡ್ ಪ್ರಕರಣ (1819) 4 ವೀಟನ್, ಅಂದರೆ 17 ಯು.ಎಸ್. ಎರಡು ಸಂಖ್ಯೆ ಕಂಡು ಎರಡು ಪ್ರಕರಣ ಎಂದು ಎಣಿಸಬೇಡಿ. ಮೇರಿಲ್ಯಾಂಡ್ ಒಳಗಿನ ತೀರ್ಪುಗಳಿಗೆ 1799ರವರೆಗೆ ಹ್ಯಾರಿಸ್ ಮತ್ತು ಮೆಕ್‌ಹೆನ್ರಿ, 1800ರಿಂದ ಹ್ಯಾರಿಸ್ ಮತ್ತು ಜಾನ್ಸನ್ ಸಂಪುಟಗಳನ್ನು ನೋಡಿ.

ಏಳನೇ ಕಾಲಂ ಈಗ ಕೆಲಸಕ್ಕೆ ಬರುತ್ತದೆ. ಫ್ಲೆಚರ್ ಪ್ರಕರಣದಲ್ಲಿ ಮಾರ್ಟಿನ್ ಖಾಸಗಿ ವಕೀಲ. 1805ರಲ್ಲಿ ಅಮೆರಿಕದ ಸೆನೆಟ್ ಎದುರು ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಚೇಸ್ ಮೇಲಿನ ವಾಗ್ದಂಡನೆಯಲ್ಲೂ ಖಾಸಗಿಯೇ, ಆಗ ಅಟಾರ್ನಿ ಜನರಲ್ ಹುದ್ದೆಯಲ್ಲಿದ್ದರೂ. 27 ವರ್ಷ ಹಿಂದೆ ತನಗೆ ಆ ಹುದ್ದೆ ಕೊಡಿಸಿದವನ ಪರ ನಿಂತ. ಎಂಟು ಆರೋಪಗಳಿದ್ದವು. ಇದ್ದ 34 ಸೆನೆಟರ್‌ಗಳಲ್ಲಿ 23 ಮತ ಬೇಕಿತ್ತು, ಯಾವ ಆರೋಪಕ್ಕೂ 19ಕ್ಕಿಂತ ಹೆಚ್ಚು ಬೀಳಲಿಲ್ಲ. ಮಾರ್ಚ್ 1ರಂದು ಚೇಸ್ ಪಾರಾದ. ಆ ವಿಚಾರಣೆಯ ಅಧ್ಯಕ್ಷತೆ ವಹಿಸಿದ್ದವನು ಉಪಾಧ್ಯಕ್ಷ ಏರನ್ ಬರ್. ಎರಡು ವರ್ಷ ಕಳೆದು 1807ರಲ್ಲಿ ಅದೇ ಬರ್ ರಿಚ್ಮಂಡ್‌ನಲ್ಲಿ ರಾಜದ್ರೋಹದ ಆರೋಪಿಯಾಗಿ ನಿಂತಾಗ ಮಾರ್ಟಿನ್ ಅವನ ವಕೀಲ, ಜಾಮೀನುದಾರನೂ ಹೌದು. ಅಷ್ಟರಲ್ಲಿ ಸರ್ಕಾರಿ ಹುದ್ದೆ ಬಿಟ್ಟಾಗಿತ್ತು. ‘ಮೇರಿಲ್ಯಾಂಡ್ ಅಟಾರ್ನಿ ಜನರಲ್ ಬರ್ ಪರ ವಾದಿಸಿದ’ ಎಂದು ಬರೆದರೆ ತಪ್ಪು.

ಮೆಕಲಕ್ ಪ್ರಕರಣ ಬೇರೆ. ಅಲ್ಲಿ ಅವನು ನಿಜಕ್ಕೂ ರಾಜ್ಯದ ವಕೀಲ. ರಾಜ್ಯದ ಪರವಾನಗಿ ಇಲ್ಲದ ಬ್ಯಾಂಕುಗಳ ನೋಟಿಗೆ ಸ್ಟಾಂಪ್ ತೆರಿಗೆ, ಅದು ಬೇಡವಾದರೆ ವರ್ಷಕ್ಕೆ 15,000 ಡಾಲರ್ ಎಂಬ ಮೇರಿಲ್ಯಾಂಡ್ ಕಾನೂನು ಬಂದದ್ದು 1818ರ ಫೆಬ್ರವರಿ 11ರಂದು. ಮಾರ್ಟಿನ್ ಮೊದಲ ಬಾರಿ ಅಟಾರ್ನಿ ಜನರಲ್ ಆದ ದಿನದಿಂದ ಎಣಿಸಿದರೆ ಸರಿಯಾಗಿ 40 ವರ್ಷ. ಎದುರು ಪಕ್ಷದಲ್ಲಿ, ಒಕ್ಕೂಟದ ಬ್ಯಾಂಕಿನ ಪರವಾಗಿ, ಡೇನಿಯಲ್ ವೆಬ್‌ಸ್ಟರ್, ವಿಲಿಯಂ ವರ್ಟ್, ವಿಲಿಯಂ ಪಿಂಕ್ನಿ. ಈ ಹೆಸರುಗಳನ್ನು ಬರಿದೆ ಪಟ್ಟಿ ಮಾಡಬೇಡಿ. ವರ್ಟ್ 1807ರಲ್ಲಿ ಬರ್ ವಿರುದ್ಧ ಸರ್ಕಾರದ ಪರ ವಾದಿಸಿದ್ದವನು. ಪಿಂಕ್ನಿ 1805ರಲ್ಲಿ ಮಾರ್ಟಿನ್ ಬಿಟ್ಟ ಕುರ್ಚಿಗೆ ಬಂದು ಕೂತವನು. ಮುದುಕ ಮಾರ್ಟಿನ್ ಮೂರು ದಿನ ವಾದಿಸಿ, ಕೊನೆಗೆ ಸಂವಿಧಾನ ಒಪ್ಪುವುದೋ ಬೇಡವೋ ಎಂದು 1788ರಲ್ಲಿ ಸೇರಿದ್ದ ವರ್ಜೀನಿಯಾ ಅನುಮೋದನಾ ಸಭೆಯಲ್ಲಿ ಜಾನ್ ಮಾರ್ಷಲ್ ತಾನೇ ಆಡಿದ್ದ ಮಾತುಗಳನ್ನು ಮುಖ್ಯ ನ್ಯಾಯಮೂರ್ತಿಯಾಗಿ ಕೂತಿದ್ದ ಅದೇ ಮಾರ್ಷಲ್ ಎದುರು ಓದಿದ. ಮಾರ್ಚ್ 6ರಂದು ತೀರ್ಪು ಬಂತು, ಮೇರಿಲ್ಯಾಂಡ್ ಸೋತಿತು. ಪ್ರಕರಣಕ್ಕೆ ಹೆಸರು ಕೊಟ್ಟ ಮೆಕಲಕ್ ಆ ಬ್ಯಾಂಕಿನ ಕ್ಯಾಷಿಯರ್, ಅವನ ಹೆಸರಿಗೆ ಕಾಗುಣಿತ ಹಲವಿವೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ಕಾನೂನುಗಳ ಇಸವಿಯಲ್ಲೂ ಎಚ್ಚರ ಬೇಕು. ಮೇರಿಲ್ಯಾಂಡ್ ಶಾಸನಸಭೆ ವರ್ಷದ ಕೊನೆಗೆ ಸೇರಿ ಮುಂದಿನ ವರ್ಷದ ಆರಂಭಕ್ಕೆ ಮುಗಿಯುತ್ತಿತ್ತು. ಅಧಿವೇಶನ ಶುರುವಾದ ವರ್ಷವೇ ಕಾನೂನಿನ ವರ್ಷ. 1818ರ ಫೆಬ್ರವರಿಯ ಬ್ಯಾಂಕ್ ತೆರಿಗೆ ಕಾನೂನು ಸಿಗುವುದು 1817ರ ಕಾನೂನುಗಳ ಸಂಪುಟದಲ್ಲಿ.

ಎದುರಾಳಿಗಳ ಮಾತನ್ನು ಇಡುವ ಜಾಗ

ಆಗ ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ 1807ರ ಜೂನ್ 19ರಂದು ಜಾರ್ಜ್ ಹೇ ಎಂಬ ಸರ್ಕಾರಿ ವಕೀಲನಿಗೆ ಬರೆದ ಪತ್ರದಲ್ಲಿ ಮಾರ್ಟಿನ್‌ನನ್ನು ಫೆಡರಲಿಸ್ಟರ (ತನ್ನ ವಿರೋಧಿ ಪಕ್ಷದವರ) ಬುಲ್‌ಡಾಗ್ ಎಂದು ಜರೆದ. ಇದು ಎಲ್ಲರ ಲೇಖನದಲ್ಲೂ ಇರುತ್ತದೆ. ಇಲ್ಲದೇ ಇರುವುದು ಹತ್ತು ವರ್ಷ ಹಿಂದಿನ ಜಗಳ. ಜೆಫರ್ಸನ್ ವರ್ಜೀನಿಯಾ ಕುರಿತ ತನ್ನ ಪುಸ್ತಕದಲ್ಲಿ, 1774ರಲ್ಲಿ ಲೋಗನ್ ಎಂಬ ಮೂಲನಿವಾಸಿ ನಾಯಕನ ಬಂಧುಗಳನ್ನು ಕೊಂದವನು ‘ಕರ್ನಲ್ ಕ್ರೆಸಪ್’ ಎಂದಿದ್ದ. ಮಾರ್ಟಿನ್ ಹೆಂಡತಿ ಮೈಕೆಲ್ ಕ್ರೆಸಪ್‌ನ ಮಗಳು. 1797ರಿಂದ ಮಾರ್ಟಿನ್ ಪತ್ರಿಕೆಗಳಲ್ಲಿ ಬಹಿರಂಗ ಪತ್ರ ಬರೆದು ಆಧಾರ ಕೇಳಿದ. ಜೆಫರ್ಸನ್ ನೇರ ಉತ್ತರ ಕೊಡದೆ ಸಾಕ್ಷ್ಯ ಕಲೆಹಾಕಿ 1800ರಲ್ಲಿ ಅನುಬಂಧ ಅಚ್ಚು ಹಾಕಿಸಿದ. ಇಲ್ಲೂ ಹೆಸರಿನ ಗೊಂದಲವಿದೆ: ಕರ್ನಲ್ ಎನಿಸಿಕೊಂಡವನು ಅಪ್ಪ ಥಾಮಸ್, ಮಗ ಮೈಕೆಲ್ ಕ್ಯಾಪ್ಟನ್. ಬುಲ್‌ಡಾಗ್ ಮಾತನ್ನು ಈ ಜಗಳದ ನಂತರ ಇಡಿ, ಆಗ ಅದು ಯಾರು ಯಾವ ನೋವಿನಿಂದ ಆಡಿದ್ದು ಎಂದು ತಿಳಿಯುತ್ತದೆ. ಇಂಥ ಪತ್ರಗಳು ‘ಫೌಂಡರ್ಸ್ ಆನ್‌ಲೈನ್’ನಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಅಲ್ಲಿರುವುದು ಜೆಫರ್ಸನ್ ಮೊದಲಾದ ಕೆಲವೇ ನಾಯಕರ ಕಾಗದ. ಮಾರ್ಟಿನ್ ಅಲ್ಲಿ ಕಾಣುವುದು ಬೇರೆಯವರ ಕಣ್ಣಿನಲ್ಲಿ.

ಅವನ ರೂಪ ಬೇಕೆಂದರೆ, ಮುಂದೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದ ರಾಜರ್ ಟೇನಿ ಕೊಟ್ಟ ಚಿತ್ರ ಬೆಲೆಯುಳ್ಳದ್ದು. ಅಂಗಿಯ ತೋಳತುದಿಯಲ್ಲಿ ಲೇಸು ಕಟ್ಟಿದ ಅಗಲ ಝಾಲರು, ಉಳಿದವರೆಲ್ಲ ಎಂದೋ ಬಿಟ್ಟದ್ದು. ಅದೂ ಕೊಳೆಯಾಗಿ, ಒಂದೆರಡು ದಿನದಿಂದ ಬದಲಿಸದಂತೆ. ಕೋಟಿಗೆ ಬ್ರಷ್ ತಾಗಿದ್ದೇ ಇಲ್ಲವೇನೋ ಎಂಬಂತೆ. ಅದರ ಜೊತೆಗೇ ಅವನು ಆಳವಾದ ಕಾನೂನು ಪಂಡಿತ ಎಂದೂ ಟೇನಿ ಬರೆದಿದ್ದಾನೆ. ಈಗ ಆರನೇ ಕಾಲಂ ನೋಡಿ: ಟೇನಿ ಇದನ್ನು ಕಂಡದ್ದು 1790ರ ದಶಕದ ಕೊನೆಯಲ್ಲಿ ಅನಾಪೊಲಿಸ್‌ನಲ್ಲಿ ಕಾನೂನು ಕಲಿಯುವಾಗ, ಬರೆದದ್ದು 1854ರಲ್ಲಿ. ನಡುವೆ ಅರ್ಧ ಶತಮಾನಕ್ಕೂ ಹೆಚ್ಚು. ಝಾಲರಿನ ಕೊಳೆ ಇಷ್ಟು ವರ್ಷ ನೆನಪಿದೆ ಎಂದರೆ ಅದು ಕಣ್ಣಿಗೆ ಹೊಡೆದಿರಲೇಬೇಕು, ಆದ್ದರಿಂದ ಬಳಸಿ. ಆದರೆ ಅದೇ ನೆನಪಿನಿಂದ ತಾರೀಖನ್ನೋ ವಾದದ ಮಾತನ್ನೋ ಎತ್ತಬೇಡಿ.

ಕುಡಿತದ ವಿಷಯದಲ್ಲಿ ಒಂದು ನಿಯಮ ಇಟ್ಟುಕೊಳ್ಳಿ. ಅವನು ವಿಪರೀತ ಕುಡಿಯುತ್ತಿದ್ದ ಎಂದು ಒಂದು ಸಲ ಬರೆಯಿರಿ, ಅದು ಸಮಕಾಲೀನರ ಒಮ್ಮತ. ಆದರೆ ನ್ಯಾಯಾಲಯದಲ್ಲಿ ಇಂಥ ದಿನ ಹೀಗಾಯಿತು ಎಂಬ ಕಥೆಯನ್ನು ಆ ದಿನದ ಆಸುಪಾಸಿನ ಕಾಗದ ಇದ್ದರೆ ಮಾತ್ರ ತೆಗೆದುಕೊಳ್ಳಿ.

ಬಾಲ್ಯದ ಸಂಗತಿಗಳಿಗೆ ಮುಖ್ಯ ಆಧಾರ ಅವನದೇ ಬರಹ. ಮಗಳು ಎಲಿಯನೋರಾ 1802ರಲ್ಲಿ ರಿಚರ್ಡ್ ಕೀನ್ ಜೊತೆ ಮನೆಬಿಟ್ಟು ಹೋಗಿ ಮದುವೆಯಾದ ಸಿಟ್ಟಿನಲ್ಲಿ ಅಳಿಯನ ಮೇಲೆ ಬರೆದ ‘ಮಾಡರ್ನ್ ಗ್ರ್ಯಾಟಿಟ್ಯೂಡ್’ ಎಂಬ ಕಿರುಹೊತ್ತಗೆಯಲ್ಲಿ ತನ್ನ ಕಥೆಯನ್ನೂ ಹೇಳಿಕೊಂಡಿದ್ದಾನೆ. ಬಡತನ, ಓದು, ಸಾಲ ಎಲ್ಲ ಅಲ್ಲಿದೆ. ಓದುವಾಗ ನೆನಪಿಡಬೇಕಾದ್ದು ಒಂದೇ: ಬರೆದವನು ನೊಂದ ತಂದೆ, ಜೊತೆಗೆ ವಕೀಲ.

ಕೊನೆಯ ವರ್ಷಗಳು

1819ರಲ್ಲಿ ಪಾರ್ಶ್ವವಾಯು ಹೊಡೆಯಿತು. 1822ರಲ್ಲಿ ಹುದ್ದೆ ಬಿಟ್ಟ. ಆ ವರ್ಷದ ಫೆಬ್ರವರಿಯಲ್ಲಿ ಮೇರಿಲ್ಯಾಂಡ್ ಶಾಸನಸಭೆ ಒಂದು ನಿರ್ಣಯ ಮಾಡಿತು: ರಾಜ್ಯದ ಪ್ರತಿಯೊಬ್ಬ ವಕೀಲನೂ ಕೌಂಟಿ ನ್ಯಾಯಾಲಯದ ಗುಮಾಸ್ತನಿಂದ ಪರವಾನಗಿ ಪಡೆಯಬೇಕು, ಪ್ರತಿ ವರ್ಷ ಜೂನ್ 1ರೊಳಗೆ 5 ಡಾಲರ್ ಕಟ್ಟಬೇಕು, ಆ ಹಣ ಇಬ್ಬರು ಧರ್ಮದರ್ಶಿಗಳ ಮೂಲಕ ಲೂಥರ್ ಮಾರ್ಟಿನ್ ಜೀವನಕ್ಕೆ ಹೋಗಬೇಕು. ಒಬ್ಬ ವಕೀಲನ ಹೊಟ್ಟೆಪಾಡಿಗಾಗಿ ರಾಜ್ಯದ ವಕೀಲರ ಮೇಲೆಲ್ಲ ತೆರಿಗೆ. ಕಾನೂನುಗಳ ಇಸವಿಯ ಬಗ್ಗೆ ಮೇಲೆ ಹೇಳಿದಂತೆ ಇದನ್ನು 1821ರ ಅಧಿವೇಶನದ ನಿರ್ಣಯಗಳಲ್ಲಿ ಹುಡುಕಿ. 1823ರಲ್ಲೇ ಇದು ರದ್ದಾಯಿತು. ‘ಸಾಯುವವರೆಗೂ ವಕೀಲರು ಸಾಕಿದರು’ ಎಂಬುದು ಆ ರದ್ದತಿಯನ್ನು ನೋಡದವರ ಮಾತು.

ಸಾಕಿದವನು ಏರನ್ ಬರ್. ಮಾರ್ಟಿನ್ ನ್ಯೂಯಾರ್ಕಿನಲ್ಲಿ ಬರ್ ಮನೆಯಲ್ಲೇ 1826ರ ಜುಲೈನಲ್ಲಿ ತೀರಿಕೊಂಡ. ತಾರೀಖು ಕೆಲವೆಡೆ 8, ಕೆಲವೆಡೆ 10 ಎಂದಿದೆ. ಇದು ಕ್ಯಾಲೆಂಡರಿನ ವ್ಯತ್ಯಾಸವಲ್ಲ, ಆದ್ದರಿಂದ ಎರಡನ್ನೂ ಕೊಡಿ. ಯಾವುದಾದರೂ ಸರಿ, ಜುಲೈ 4ರಂದು ಜೆಫರ್ಸನ್ ಸತ್ತು ಒಂದು ವಾರವೂ ಆಗಿರಲಿಲ್ಲ.

ಕನ್ನಡದಲ್ಲಿ ಬರೆಯುವಾಗ

ಏಕವಚನವೋ ಬಹುವಚನವೋ ಮೊದಲೇ ನಿರ್ಧರಿಸಿ, ಎಲ್ಲರಿಗೂ ಒಂದೇ ಇಡಿ. ‘ಜೆಫರ್ಸನ್ ಬರೆದರು, ಮಾರ್ಟಿನ್ ಕೂಗಾಡಿದ’ ಎಂದು ಬರೆದರೆ ಕ್ರಿಯಾಪದವೇ ತೀರ್ಪು ಕೊಟ್ಟುಬಿಡುತ್ತದೆ. ‘ಫೆಡರಲಿಸ್ಟ್’ ಪದಕ್ಕೂ ಒಂದು ಟಿಪ್ಪಣಿ ಬೇಕು. 1788ರಲ್ಲಿ ಅದು ಸಂವಿಧಾನದ ಪರ ಇದ್ದವರ ಹೆಸರು, ಮಾರ್ಟಿನ್ ಅವರ ವಿರೋಧಿ. 1800ರ ಹೊತ್ತಿಗೆ ಅದು ಜೆಫರ್ಸನ್ ವಿರೋಧಿ ಪಕ್ಷದ ಹೆಸರು, ಮಾರ್ಟಿನ್ ಅದರಲ್ಲೇ ಇದ್ದ. ಟಿಪ್ಪಣಿ ಇಲ್ಲದೆ ಓದಿದವರಿಗೆ ಅವನು ಗೋಸುಂಬೆಯಂತೆ ಕಾಣುತ್ತಾನೆ. ಬದಲಾದದ್ದರಲ್ಲಿ ಪದದ ಅರ್ಥದ ಪಾಲೂ ದೊಡ್ಡದು.

ಮೂರು ಸಾವಿರ ಪದದ ಲೇಖನವಾದರೆ ಹುದ್ದೆ ಮತ್ತು ಯುದ್ಧಕಾಲದ ಮೊಕದ್ದಮೆಗಳಿಗೆ ಸಾವಿರ, 1787–88ಕ್ಕೆ ಎಂಟುನೂರು, ಚೇಸ್, ಬರ್ ಮತ್ತು ಮೆಕಲಕ್ ಪ್ರಕರಣಗಳಿಗೆ ಎಂಟುನೂರು, ಉಳಿದದ್ದು ಮನೆ ಮತ್ತು ಮುಪ್ಪಿಗೆ. ರೂಢಿಯಲ್ಲಿ ಬರ್ ವಿಚಾರಣೆ ಒಂದೇ ಅರ್ಧ ಲೇಖನ ನುಂಗುತ್ತದೆ, ಬಿಡಬೇಡಿ. ಚಿತ್ರಕ್ಕೆ ಸಮಾಧಿಯ ಫೋಟೊ ಹುಡುಕುವುದು ಬೇಡ. ಅವನನ್ನು ಹೂಳಿದ್ದು ಸೇಂಟ್ ಜಾನ್ಸ್ ಚರ್ಚಿನ ಸ್ಮಶಾನದಲ್ಲಿ, ಹೆಸರಿನ ಕಲ್ಲಿಲ್ಲದೆ. ಮ್ಯಾನ್‌ಹಟನ್ನಿನಲ್ಲಿ ಆ ಜಾಗ ಈಗ ಜೇಮ್ಸ್ ಜೆ. ವಾಕರ್ ಪಾರ್ಕ್, ಮಕ್ಕಳು ಆಡುವ ಮೈದಾನ.